ಸ್ಲೀಪರ್ ಅಂತೆ! ಮಲಗಿರೋದು ಯಾರು?

ಫ್ಯಾಂಟಸಿ ಲೀಗ್ ಆಡುವವರ ಬಾಯಲ್ಲಿ ಕೇಳಿದಾಗಲೆಲ್ಲ ನನಗೆ ಮೈ ಉರಿಯುವ ಒಂದು ಪದ ಇದೆ: ‘ಸ್ಲೀಪರ್’. ಮೆಜೆಸ್ಟಿಕ್‌ನಿಂದ ರಾತ್ರಿ ಹುಬ್ಬಳ್ಳಿಗೆ ಹೊರಡುವ ಬಸ್ಸಲ್ಲ. ಯಾರೂ ತಂಡಕ್ಕೆ ತಗೊಳ್ಳದ, ಆದರೆ ಸೀಸನ್ ಮುಗಿಯುವಷ್ಟರಲ್ಲಿ ಅಂಕಗಳ ಮಳೆ ಸುರಿಸುವ ಆಟಗಾರನಿಗೆ ಇಟ್ಟಿರುವ ಹೆಸರು ಅದು. ನಾನು ಕೇಳೋದು ಇಷ್ಟೇ: ಆ ಹುಡುಗ ಯಾವಾಗ ಮಲಗಿದ್ದ? ಪ್ರತಿ ಶನಿವಾರ ಸಾವಿರಾರು ಜನರ ಎದುರು ಆಡ್ತಿದ್ದ. ಅವನು ಎಸೆದ ಒಂದೊಂದು ಚೆಂಡಿನ ಲೆಕ್ಕವೂ ಬಿಟ್ಟಿಯಾಗಿ ಸಿಗ್ತಿತ್ತು. ಮಲಗಿದ್ದದ್ದು ಅವನಲ್ಲ, ನೋಡಬೇಕಾದವರು. ತಮ್ಮ ನಿದ್ದೆಗೆ ಅವನ ಹೆಸರಿಟ್ಟು ಕೂತಿದ್ದಾರೆ.

ನಾನಿರುವುದು ಟೆಕ್ಸಸ್‌ನ ಡ್ಯಾಲಸ್ ಹತ್ತಿರ. ಇಲ್ಲಿ ಶರತ್ಕಾಲದ ಶನಿವಾರ ಅಂದರೆ ಕಾಲೇಜ್ ಫುಟ್ಬಾಲ್. ಕಾಲಲ್ಲಿ ಒದೆಯೋ ಫುಟ್ಬಾಲ್ ಅಲ್ಲ, ಮೊಟ್ಟೆಯಾಕಾರದ ಚೆಂಡು ಹಿಡ್ಕೊಂಡು ಓಡೋದು. ಕನ್ನಡದವರೇ ಹೆಚ್ಚಿರುವ ನಮ್ಮ ಗೆಳೆಯರ ಗುಂಪಿನದೊಂದು ಫ್ಯಾಂಟಸಿ ಲೀಗ್ ಇದೆ. ಐಪಿಎಲ್ ಹೊತ್ತಲ್ಲಿ ನೀವು ಮೊಬೈಲಲ್ಲಿ ತಂಡ ಕಟ್ಟಿದ್ದರೆ ಇದರ ಅರ್ಧ ನಿಮಗೆ ಗೊತ್ತು. ವ್ಯತ್ಯಾಸ ಏನಂದರೆ, ಇಲ್ಲಿ ಒಬ್ಬ ಆಟಗಾರ ಒಬ್ಬರ ತಂಡದಲ್ಲಿ ಮಾತ್ರ ಇರಬಹುದು. ಸೀಸನ್ ಶುರುವಾಗುವ ಮುನ್ನ ಎಲ್ಲರೂ ಕೂತು ಸರದಿಯಂತೆ ಆರಿಸ್ಕೋತೀವಿ. ಉಳಿದವರು ಯಾರಿಗೂ ಸೇರದೆ ಹೊರಗಿರ್ತಾರೆ. ವಾರ ವಾರ ಅವರಲ್ಲಿ ಬೇಕಾದವರನ್ನ ಒಳಗೆ ತಗೊಂಡು, ಕೆಲಸಕ್ಕೆ ಬಾರದವರನ್ನ ಬಿಡಬಹುದು. ಅಂಕದ ಲೆಕ್ಕ ಸಾಮಾನ್ಯವಾಗಿ ಹೀಗೆ: 25 ಯಾರ್ಡ್ ಪಾಸಿಗೆ 1, ಪಾಸ್ ಮಾಡಿ ಗಳಿಸಿದ ಟಚ್‌ಡೌನ್‌ಗೆ 4, ಓಡಿ ಅಥವಾ ಚೆಂಡು ಹಿಡಿದು ಗಳಿಸಿದ 10 ಯಾರ್ಡಿಗೆ 1, ಆ ರೀತಿಯ ಟಚ್‌ಡೌನ್‌ಗೆ 6. ಎಷ್ಟೋ ಲೀಗುಗಳಲ್ಲಿ ಹಿಡಿದ ಒಂದೊಂದು ಚೆಂಡಿಗೂ 1.

ವೃತ್ತಿಪರ ಎನ್‌ಎಫ್‌ಎಲ್‌ನಲ್ಲಿ ಇರೋದು 32 ತಂಡ. ಅಲ್ಲಿ ಮೂರನೇ ರಿಸೀವರ್‌ನ ಮೊಣಕಾಲು ನೋವೂ ದೊಡ್ಡ ಸುದ್ದಿ. ಕಾಲೇಜಿನ ಮೇಲ್ದರ್ಜೆಯಲ್ಲಿ 130ಕ್ಕೂ ಹೆಚ್ಚು ತಂಡ, ಒಂದೊಂದರಲ್ಲಿ ನೂರರ ಆಸುಪಾಸು ಹುಡುಗರು. ಅರ್ಧದಷ್ಟು ಕಾಲೇಜುಗಳ ಹೆಸರನ್ನ ಅಮೆರಿಕದವರೇ ಸರಿಯಾಗಿ ಕೇಳಿರಲ್ಲ. ಹುಡುಕೋನಿಗೆ ಇದಕ್ಕಿಂತ ಹಬ್ಬ ಬೇಕಾ? ಆದರೂ ನಮ್ಮ ಜನ ಏನು ಮಾಡ್ತಾರೆ? ಯಾರೋ ಬರೆದ ‘ಟಾಪ್ 100’ ಪಟ್ಟಿ ತೆಗೆದು ಮೇಲಿಂದ ಕೆಳಗೆ ಓದ್ತಾರೆ. ಅಲಬಾಮಾ, ಜಾರ್ಜಿಯಾ, ಒಹಾಯೊ ಸ್ಟೇಟ್. ಹೈಸ್ಕೂಲಲ್ಲೇ ಐದು ಸ್ಟಾರ್ ಪಡೆದವನು, ಟೀವಿಯಲ್ಲಿ ಬಂದವನು. ಆ ಐದು ಸ್ಟಾರಿನ ಹುಡುಗ ತಂಡದ ಮೂವರು ರನ್ನಿಂಗ್ ಬ್ಯಾಕ್‌ಗಳ ಜತೆ ಚೆಂಡು ಹಂಚ್ಕೊಂಡು ಪಂದ್ಯಕ್ಕೆ ಎಂಟು ಸಲ ಓಡ್ತಾನೆ. ಅಷ್ಟರಲ್ಲಿ ಹೆಸರಿಲ್ಲದ ಊರಲ್ಲಿ ಇನ್ನೊಬ್ಬ ಇಪ್ಪತ್ತೈದು ಸಲ ಓಡಿರ್ತಾನೆ. ಅಂಕ ಬರೋದು ಯಾರಿಗೆ? ಇದಕ್ಕೆ ಕ್ಯಾಲ್ಕುಲೇಟರ್ ಬೇಡ.

‘ಅಯ್ಯೋ, ಅದೆಲ್ಲ ಅದೃಷ್ಟ ಕಣೋ, ಮುಂಚೆ ಯಾರಿಗೆ ಗೊತ್ತಾಗುತ್ತೆ?’ ಇದು ಸೋತವರ ಮಾಮೂಲಿ ಮಾತು. ಗೊತ್ತಾಗುತ್ತೆ ಸ್ವಾಮಿ. ಹೇಗೆ ಅಂತ ಹೇಳ್ತೀನಿ ಕೇಳಿ.

ಬೇಲಿ ಜಾಪಿ ಅಂತ ಒಬ್ಬ ಕ್ವಾರ್ಟರ್‌ಬ್ಯಾಕ್. ಹ್ಯೂಸ್ಟನ್ ಬ್ಯಾಪ್ಟಿಸ್ಟ್ ಅನ್ನೋ ಸಣ್ಣ ಕಾಲೇಜಲ್ಲಿ, ಅದೂ ಕೆಳಗಿನ ದರ್ಜೆಯಲ್ಲಿ ಆಡ್ತಿದ್ದ. 2020ರ ಸೆಪ್ಟೆಂಬರಿನಲ್ಲಿ ಆ ತಂಡ ದೊಡ್ಡ ದರ್ಜೆಯ ಟೆಕ್ಸಸ್ ಟೆಕ್ ಎದುರು ಆಡಿ 33–35ರಲ್ಲಿ ಸೋತಿತು. ಸೋಲನ್ನ ಎಲ್ಲರೂ ಅವತ್ತೇ ಮರೆತರು. ಆ ದಿನ ಜಾಪಿ ಎಸೆದದ್ದು 567 ಯಾರ್ಡ್! ಮುಂದಿನ ವರ್ಷ ಅವನ ತಂಡದ ದಾಳಿಯ ಕೋಚ್ ಜಾಕ್ ಕಿಟ್ಲಿ ಕೆಂಟಕಿಯ ವೆಸ್ಟರ್ನ್ ಕೆಂಟಕಿ ವಿಶ್ವವಿದ್ಯಾಲಯಕ್ಕೆ ಹೋದ. ಜಾಪಿಯೂ ಜತೆಗೆ ಹೋದ. ಅವನ ಚೆಂಡು ಹಿಡಿಯುತ್ತಿದ್ದ ಜೆರೆತ್ ಸ್ಟರ್ನ್ಸ್ ಕೂಡ ಗಂಟುಮೂಟೆ ಕಟ್ಟಿದ. ಅಡುಗೆಭಟ್ಟ, ಅವನ ಪಾತ್ರೆ, ಅವನ ಮಸಾಲೆ ಡಬ್ಬಿ, ಎಲ್ಲವೂ ಒಂದೇ ಲಾರಿಯಲ್ಲಿ ಹೊಸ ಹೋಟೆಲಿಗೆ ಸಾಗಿದ ಹಾಗೆ. ಊಟ ಹೇಗಿರುತ್ತೆ ಅಂತ ಊಹಿಸೋಕೆ ಜ್ಯೋತಿಷ್ಯ ಬೇಕಾ?

2021ರಲ್ಲಿ ಜಾಪಿ 5,967 ಯಾರ್ಡ್ ಎಸೆದು 62 ಟಚ್‌ಡೌನ್ ಪಾಸ್ ಕೊಟ್ಟ. ಒಂದು ಸೀಸನ್ನಿನಲ್ಲಿ ಮೇಲ್ದರ್ಜೆಯ ಕಾಲೇಜ್ ಫುಟ್ಬಾಲ್ ಕಂಡ ಎರಡೂ ದಾಖಲೆ ಮುರಿದ. ಮೇಲೆ ಹೇಳಿದ ಲೆಕ್ಕದಲ್ಲಿ, ಇಂಟರ್‌ಸೆಪ್ಶನ್ ಕಳೆಯುವ ಮುನ್ನ, ಬರೀ ಪಾಸಿನಿಂದಲೇ 486 ಅಂಕ. ಸ್ಟರ್ನ್ಸ್ 150 ಚೆಂಡು ಹಿಡಿದು 1,902 ಯಾರ್ಡ್, 17 ಟಚ್‌ಡೌನ್. ಬಹಳಷ್ಟು ಲೀಗುಗಳು ಕೊನೆಯ ಬೌಲ್ ಪಂದ್ಯಗಳನ್ನ ಎಣಿಸಲ್ಲ, ಆದ್ದರಿಂದ ಒಂದಿಷ್ಟು ಕಳೆಯಿರಿ. ಆಮೇಲೂ ಉಳಿಯೋದು ಗುಡ್ಡದಷ್ಟು. ಇದರಲ್ಲಿ ಗುಟ್ಟು ಎಲ್ಲಿತ್ತು? ಆ 567 ಯಾರ್ಡ್ ಎಲ್ಲರೂ ನೋಡಬಹುದಾದ ಪುಟದಲ್ಲಿತ್ತು. ಕೋಚ್ ಬದಲಾದ ಸುದ್ದಿ ಪತ್ರಿಕೆಯಲ್ಲಿತ್ತು. ಹೆಸರು ಗೊತ್ತಿಲ್ಲದ ಕಾಲೇಜು ಅಂತ ಪುಟ ತಿರುಗಿಸಿದವರಿಗೆ ಮಾತ್ರ ಅದು ಗುಟ್ಟು.

ಅದಕ್ಕೇ ನನ್ನ ಮೊದಲ ಸೂತ್ರ: ಹುಡುಗನ ಹಿಂದೆ ಹೋಗಬೇಡಿ, ಕೋಚ್ ಹಿಂದೆ ಹೋಗಿ. ಹಿಂದೂಸ್ತಾನಿ ಸಂಗೀತದಲ್ಲಿ ಘರಾನಾ ಅಂತೀವಲ್ಲ, ಇಲ್ಲೂ ಹಾಗೇ. ಟೆಕ್ಸಸ್ ಟೆಕ್‌ನಲ್ಲಿ ಮೈಕ್ ಲೀಚ್ ಅನ್ನೋ ಮಹಾಶಯ 2000ರಿಂದ 2009ರವರೆಗೆ, ಯಾವಾಗ ನೋಡಿದ್ರೂ ಪಾಸ್ ಮಾಡೋ ಒಂದು ಪದ್ಧತಿ ನಡೆಸಿದ. ಜಾಪಿ ಮುರಿದ ಯಾರ್ಡುಗಳ ದಾಖಲೆ ಬರೆದಿದ್ದ ಬಿ.ಜೆ. ಸೈಮನ್ಸ್ 2003ರಲ್ಲಿ ಆಡಿದ್ದು ಅದೇ ಲೀಚ್ ಕೈಕೆಳಗೆ. ಲೀಚ್ ಬಳಿ ಆಟಗಾರನಾಗಿದ್ದ ಎರಿಕ್ ಮಾರಿಸ್ ಮುಂದೆ ಸ್ಯಾನ್ ಆಂಟೋನಿಯೋದ ಇನ್‌ಕಾರ್ನೇಟ್ ವರ್ಡ್ ಅನ್ನೋ ಸಣ್ಣ ಕಾಲೇಜಿಗೆ ಕೋಚ್ ಆದ. ಅಲ್ಲಿಗೆ ಕರ್ಕೊಂಡಿದ್ದು ಕ್ಯಾಮ್ ವಾರ್ಡ್‌ನನ್ನ. ವಾರ್ಡ್‌ನ ಹೈಸ್ಕೂಲ್ ತಂಡ ಓಡೋದನ್ನೇ ನೆಚ್ಚಿಕೊಂಡ ತಂಡ, ಪಾಸ್ ಮಾಡ್ತಿದ್ದದ್ದೇ ಅಪರೂಪ. ಸ್ಟಾರ್ ಕೊಡುವವರು ಅವನಿಗೆ ಒಂದೂ ಕೊಟ್ಟಿರಲಿಲ್ಲ. ಚೆಂಡನ್ನೇ ಎಸೆಯಲು ಬಿಡದ ಹುಡುಗನಿಗೆ ಎಸೆತದಲ್ಲಿ ಎಲ್ಲಿಂದ ಸ್ಟಾರ್ ಬರಬೇಕು? 2021ರಲ್ಲಿ ಇನ್‌ಕಾರ್ನೇಟ್ ವರ್ಡ್‌ಗೆ ಅವನು 47 ಟಚ್‌ಡೌನ್ ಪಾಸ್ ಕೊಟ್ಟ. ಮಾರಿಸ್ ವಾಷಿಂಗ್ಟನ್ ಸ್ಟೇಟ್‌ಗೆ ಹೋದಾಗ ತಾನೂ ಹೋದ. ಕೊನೆಗೆ ಮಯಾಮಿಗೆ ಸೇರಿ, 2025ರ ಎನ್‌ಎಫ್‌ಎಲ್ ಡ್ರಾಫ್ಟಿನಲ್ಲಿ ಇಡೀ ದೇಶದ ಮೊದಲ ಆಯ್ಕೆಯಾದ.

ಮಾರಿಸ್ ಅಷ್ಟರಲ್ಲಿ ಡೆಂಟನ್‌ನಲ್ಲಿರುವ ನಾರ್ತ್ ಟೆಕ್ಸಸ್‌ಗೆ ಬಂದಿದ್ದ. ಡ್ಯಾಲಸ್‌ನಿಂದ ಒಂದು ಗಂಟೆ ದಾರಿ ಅಷ್ಟೇ. ಅಲ್ಲಿ ಸ್ಕಾಲರ್‌ಷಿಪ್ ಇಲ್ಲದೆ ತಂಡಕ್ಕೆ ಸೇರಿದ್ದ ಡ್ರೂ ಮೆಸ್ಟಮೇಕರ್ ಅನ್ನೋ ಹುಡುಗ 2025ರಲ್ಲಿ 4,000ಕ್ಕೂ ಹೆಚ್ಚು ಯಾರ್ಡ್ ಎಸೆದ. ಹೈಸ್ಕೂಲಿನ ಮುಖ್ಯ ತಂಡದಲ್ಲಿ ಅವನು ಮೊದಲ ಕ್ವಾರ್ಟರ್‌ಬ್ಯಾಕ್ ಕೂಡ ಆಗಿರಲಿಲ್ಲ. ಮೂವರು ಹುಡುಗರು, ಮೂರು ಕಾಲೇಜು, ಮೂರೂ ಕಥೆ ಶುರುವಾಗಿದ್ದು ಟೆಕ್ಸಸ್‌ನಲ್ಲೇ. ಟೆಕ್ಸಸ್‌ನಲ್ಲೇ ಮನೆ ಕಟ್ಟಿ, ತಿಂಗಳ ಕಂತು ಕಟ್ತಿರೋ ನಮ್ಮ ಗೆಳೆಯರು ಮಾತ್ರ ಅಲಬಾಮಾದ ಕಡೆ ಮುಖ ಮಾಡಿ ಕೈಮುಗಿದಿದ್ದರು. ಹಿತ್ತಲ ಗಿಡ ಮದ್ದಲ್ಲ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಾರಾ?

ಎರಡನೆಯದು: ಪ್ರತಿಭೆ ಎಣಿಸಬೇಡಿ, ಕೆಲಸ ಎಣಿಸಿ. ಶನಿವಾರದ ಅಂಕಿಅಂಶ ನೋಡುವಾಗ ಎಲ್ಲರ ಕಣ್ಣೂ ಟಚ್‌ಡೌನ್ ಮೇಲೆ. ಎರಡೇ ಸಲ ಚೆಂಡು ಸಿಕ್ಕಿ, ಒಂದು ಸಲ 70 ಯಾರ್ಡ್ ಓಡಿದವನನ್ನ ಸೋಮವಾರ ಬೆಳಿಗ್ಗೆ ಮುಗಿಬಿದ್ದು ತಗೋತಾರೆ. ಮುಂದಿನ ವಾರ ಅವನಿಗೆ ಮತ್ತೆ ಎರಡೇ ಸಲ ಚೆಂಡು, ಒಂಬತ್ತು ಯಾರ್ಡ್, ನಮಸ್ಕಾರ. ಅದೇ ಪುಟದಲ್ಲಿ ಕೆಳಗೆ ಇನ್ನೊಬ್ಬ ಇರ್ತಾನೆ: ಅವನ ಕಡೆಗೆ ಹನ್ನೊಂದು ಸಲ ಚೆಂಡು ಎಸೆದಿದ್ದಾರೆ, ಹಿಡಿದಿದ್ದು ಐದು, ಟಚ್‌ಡೌನ್ ಸೊನ್ನೆ. ತಗೋಬೇಕಾದವನು ಅವನು. ಕೋಚ್ ಅವನನ್ನ ನಂಬಿದ್ದಾನೆ, ಅಂಕ ಇವತ್ತಲ್ಲ ನಾಳೆ ಬರುತ್ತೆ. ಪಂದ್ಯ ಕೈಬಿಟ್ಟ ಮೇಲೆ ಕೊನೆಯ ಹತ್ತು ನಿಮಿಷ ಆಡಿದವನ ಅಂಕಗಳನ್ನಂತೂ ಲೆಕ್ಕಕ್ಕೇ ಹಿಡೀಬೇಡಿ. ಹೋದ ವರ್ಷದ ಮೊದಲ ರಿಸೀವರ್ ಓದು ಮುಗಿಸಿ ಹೋದನಾ? ಅವನ ಪಾಲಿನ ಚೆಂಡು ಈಗ ಯಾರಿಗೆ? ಗಾಯಗೊಂಡವರ ಬಗ್ಗೆ ಎನ್‌ಎಫ್‌ಎಲ್‌ನಂತೆ ಎಲ್ಲ ಕಾಲೇಜುಗಳೂ ಒಂದೇ ರೀತಿ ಪಟ್ಟಿ ಕೊಡಲ್ಲ. ಅದಕ್ಕೆ ಆಯಾ ಊರಿನ ಪತ್ರಿಕೆಯಲ್ಲಿ ಅಭ್ಯಾಸದ ವರದಿ ಓದಬೇಕು. ಬೇಜಾರಿನ ಕೆಲಸ, ಹೌದು. ಯಾರಿಗೂ ಬೇಡವಾದ ಬೇಜಾರಿನ ಕೆಲಸದಲ್ಲೇ ಲಾಭ ಇರೋದು.

ಮೂರನೆಯದು: ಆಟದ ನಿಯಮವನ್ನ ಓದಿ, ಬೇರೆ ಆಟದ ನಿಯಮ ತಂದು ತುರುಕಬೇಡಿ. ‘ಆ ಹುಡುಗ ಎನ್‌ಎಫ್‌ಎಲ್‌ಗೆ ಹೋಗಲ್ಲ ಬಿಡಪ್ಪ’ ಅಂತಾರೆ. ಹೋಗದಿದ್ರೆ ನನಗೇನು? ಸೈನ್ಯದ ಅಕಾಡೆಮಿ ಆರ್ಮಿಯ ಬ್ರೈಸನ್ ಡೇಲಿ ಹೆಸರಿಗೆ ಕ್ವಾರ್ಟರ್‌ಬ್ಯಾಕ್, ಕೆಲಸ ಓಡೋದು. 2024ರಲ್ಲಿ 1,659 ಯಾರ್ಡ್ ಓಡಿ 32 ಟಚ್‌ಡೌನ್ ಗಳಿಸಿದ. ಪಾಸಿನ ಟಚ್‌ಡೌನ್‌ಗೆ 4, ಓಟದ್ದಕ್ಕೆ 6 ಅಂತ ನಮ್ಮ ನಿಯಮ ಹೇಳುತ್ತೆ. ಬರೀ ಓಟದಿಂದ 357 ಅಂಕ. ಸೇನಾ ಅಕಾಡೆಮಿಗಳು ಎಷ್ಟೋ ಕಾಲದಿಂದ ಹೀಗೇ ಆಡ್ತಾ ಬಂದಿವೆ. ನೇವಿಯ ಕೀನನ್ ರೆನಾಲ್ಡ್ಸ್ 2012ರಿಂದ 2015ರವರೆಗೆ ಓಡಿಯೇ 88 ಟಚ್‌ಡೌನ್ ಮಾಡಿದ್ದ, ಅವನೂ ಕ್ವಾರ್ಟರ್‌ಬ್ಯಾಕ್. ಆದರೂ ಪ್ರತಿ ವರ್ಷ ಡ್ರಾಫ್ಟಿನಲ್ಲಿ ಇವರು ಕೊನೆಯವರೆಗೂ ಉಳಿದಿರ್ತಾರೆ.

ಒಂದು ಆಕ್ಷೇಪಕ್ಕೆ ಮಾತ್ರ ಬೆಲೆ ಇದೆ: ಸಣ್ಣ ಕಾಲೇಜಿನ ಅಂಕಿಗಳು ದುರ್ಬಲ ಎದುರಾಳಿಗಳ ಮೇಲೆ ಬಂದದ್ದು ಅನ್ನೋದು. ನಿಜ. ಯಾರು ಹೆಚ್ಚು ಶ್ರೇಷ್ಠ ಆಟಗಾರ ಅಂತ ತೀರ್ಮಾನ ಮಾಡೋದಾದರೆ ಅದು ದೊಡ್ಡ ಮಾತು. ಆದರೆ ನಮ್ಮ ಲೀಗಿನಲ್ಲಿ ಆ ಪ್ರಶ್ನೆಯೇ ಇಲ್ಲ, ಯಾರ ಎದುರು ಗಳಿಸಿದರೂ ಅಂಕ ಅಂಕವೇ. ಶ್ರೇಷ್ಠತೆಯ ಬಗ್ಗೆಯೇ ಮಾತಾಡೋಣ ಅಂದರೂ, ವಾರ್ಡ್ ಮೆಟ್ಟಿಲು ಹತ್ತಿ ಮೇಲೆ ಬಂದು ತೋರಿಸಿದ. ಅವನನ್ನ ಹೈಸ್ಕೂಲಲ್ಲಿ ನೋಡದ ದೊಡ್ಡ ಕಾಲೇಜುಗಳೇ, 2021ರ ನಂತರ ವರ್ಗಾವಣೆಯ ನಿಯಮ ಸಡಿಲವಾದ ಮೇಲೆ, ಸಣ್ಣವರು ಬೆಳೆಸಿದ ಹುಡುಗರನ್ನ ಸಾಲಾಗಿ ಎತ್ತಿಕೊಂಡು ಹೋಗ್ತಿವೆ. ಬೆಳೆ ಬೆಳೆದವನು ಒಬ್ಬ, ಚೀಲ ತುಂಬಿಕೊಂಡವನು ಇನ್ನೊಬ್ಬ.

ಇಷ್ಟಕ್ಕೆ ಇದು ಬರೀ ಆಟ ಅಂತ ಬಿಡಬಹುದಿತ್ತು. ಬಿಡೋಕೆ ಆಗ್ತಿಲ್ಲ. ಯಾಕಂದರೆ ನಮ್ಮ ಲೀಗಿನ ಇದೇ ಗೆಳೆಯರು ವಾರದ ಉಳಿದ ಐದು ದಿನ ಕೆಲಸಕ್ಕೆ ಜನರನ್ನ ಆರಿಸ್ತಾರೆ. ಟೀಮ್ ಲೀಡು, ಮ್ಯಾನೇಜರು, ಬೆಂಗಳೂರಿನ ಕಚೇರಿಗೆ ಸಂದರ್ಶನ ಮಾಡೋರು. ರೆಸ್ಯೂಮೆ ಬಂದ ಕೂಡಲೇ ಕಣ್ಣು ಹೋಗೋದು ಕಾಲೇಜಿನ ಹೆಸರಿಗೆ. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಈ ಕೆಲಸಕ್ಕೇ ಒಂದು ಪಟ್ಟಿ ಇತ್ತು: ಇಂತಿಂಥ ಕಾಲೇಜು, ಉಳಿದವು ನೋಡೋ ಅಗತ್ಯ ಇಲ್ಲ. ಹಾಸನದಲ್ಲೋ ಬಳ್ಳಾರಿಯಲ್ಲೋ ವಿಟಿಯು ಡಿಗ್ರಿ ಮುಗಿಸಿ, ಮೂರು ವರ್ಷ ಒಬ್ಬಳೇ ಒಂದು ಇಡೀ ಸಿಸ್ಟಮ್ ಓಡಿಸಿದ ಹುಡುಗಿಯ ರೆಸ್ಯೂಮೆ ತೆರೆಯೋರೇ ಇಲ್ಲ. ದೊಡ್ಡ ಹೆಸರಿನ ಕಾಲೇಜಿನಿಂದ ಬಂದು, ಆರು ಜನರ ಗುಂಪಿನಲ್ಲಿ ಆರನೆಯವನಾಗಿ ಕೂತಿದ್ದವನಿಗೆ ಮೊದಲ ಕರೆ. ಎಂಟು ಸಲ ಓಡಿದ ಐದು ಸ್ಟಾರಿನ ಹುಡುಗ ಮತ್ತೆ ಗೆದ್ದ.

ಆ ಪಟ್ಟಿ ಹಿಡಿದು ಕೂತವರಲ್ಲಿ ಎಷ್ಟು ಜನ ಆ ಪಟ್ಟಿಯ ಕಾಲೇಜಿನಿಂದ ಬಂದವರು? ನಮ್ಮ ಗುಂಪಲ್ಲಿ ಒಬ್ಬರೂ ಇಲ್ಲ. ಎಲ್ಲರೂ ಅದೇ ‘ಉಳಿದವು’. ಯಾರೋ ಒಬ್ಬ ಪುಣ್ಯಾತ್ಮ ಪಟ್ಟಿ ಪಕ್ಕಕ್ಕಿಟ್ಟು ಮಾತಾಡಿಸಿದ್ದಕ್ಕೆ ಇಲ್ಲಿ ಬಂದು ಕೂತಿದ್ದೀವಿ. ಏಣಿ ಹತ್ತಿದವನೇ ಏಣಿ ಎಳ್ಕೊಂಡರೆ, ಆಮೇಲೆ ‘ಒಳ್ಳೆ ಜನ ಸಿಗಲ್ಲ ಗುರೂ’ ಅಂತ ಕಾಫಿ ಮಷೀನ್ ಹತ್ತಿರ ಗೋಳಾಡೋ ಹಕ್ಕು ಅವನಿಗಿಲ್ಲ.

ಫ್ಯಾಂಟಸಿ ಲೀಗಿನಲ್ಲಿ ಸೋತರೆ ಒಂದು ಊಟದ ಬಿಲ್ಲು ಹೋಗುತ್ತೆ, ಅಷ್ಟೇ. ರೆಸ್ಯೂಮೆ ತೆರೆಯದೆ ಬಿಟ್ಟರೆ ಹೋಗೋದು ಬೇರೆಯವರ ಬದುಕಿನ ಐದಾರು ವರ್ಷ. ನೋಡೋ ವಿಧಾನ ಮಾತ್ರ ಎರಡಕ್ಕೂ ಒಂದೇ. ಎಲ್ಲಿಂದ ಬಂದ ಅನ್ನೋದನ್ನ ಕೊನೆಗೆ ಕೇಳಿ. ಏನು ಮಾಡಿದ, ಎಷ್ಟು ಸಲ ಮಾಡಿದ, ಯಾರ ಕೈಕೆಳಗೆ ಕಲಿತ, ಅವನ ಕೈಗೆ ಚೆಂಡು ಕೊಟ್ಟಾಗ ಏನಾಯ್ತು ಅನ್ನೋದನ್ನ ಮೊದಲು ಕೇಳಿ. ಚೆಂಡೇ ಕೊಟ್ಟಿಲ್ಲದಿದ್ದರೆ, ಅದು ಅವನ ಸೊನ್ನೆ ಅಲ್ಲ ಅನ್ನೋದನ್ನ ನೆನಪಲ್ಲಿಡಿ.

ಮತ್ತೆ ಆ ‘ಸ್ಲೀಪರ್’ ಪದ ಬಳಸೋದನ್ನ ದಯವಿಟ್ಟು ನಿಲ್ಲಿಸಿ. ಹುಡುಗ ಎದ್ದು ಬಹಳ ಹೊತ್ತಾಯ್ತು.