ಆರು ಗಂಟೆಯ ದ್ವೀಪ

ಪರದೇಶದಲ್ಲಿ ನೆಲೆಸಿದ ಮಕ್ಕಳು ತಂದೆತಾಯಿಯರನ್ನು ಕರೆಸಿಕೊಂಡು ಕೆರಿಬಿಯನ್ ಸಮುದ್ರದ ಹಡಗುಯಾನಕ್ಕೆ ಕರೆದೊಯ್ಯುವುದು ಈಗ ಅಪರೂಪದ ಸಂಗತಿಯಲ್ಲ. ಹಡಗಿನೊಳಗಿನ ವೈಭವವನ್ನು ಕಂಪನಿಗಳ ಚಿತ್ರಪುಸ್ತಿಕೆಗಳೇ ಬೇಕಾದಷ್ಟು ಬಣ್ಣಿಸುತ್ತವೆ. ಹಡಗು ದಡ ಸೇರಿದ ದಿನ ಏನಾಗುತ್ತದೆಂಬುದನ್ನು ಮಾತ್ರ ಅವು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಬೆಳಗ್ಗೆ ಇಳಿದು, ಮಾರ್ಗದರ್ಶಿಯೊಡನೆ ಒಂದು ದೇಶವನ್ನು ಕಂಡು, ಸಂಜೆಯೊಳಗೆ ಹಡಗಿಗೆ ಮರಳುವ ಈ ತೀರವಿಹಾರದಿಂದ ಏನನ್ನು ನಿರೀಕ್ಷಿಸಬಹುದು? ಸೇಂಟ್ ಲೂಸಿಯಾ ದ್ವೀಪ ಇದಕ್ಕೆ ಒಳ್ಳೆಯ ಉದಾಹರಣೆ.

ಬೆಂಗಳೂರು ನಗರಕ್ಕಿಂತಲೂ ಚಿಕ್ಕದಾದ ಈ ದ್ವೀಪಕ್ಕಾಗಿ ಇಂಗ್ಲಿಷರೂ ಫ್ರೆಂಚರೂ ಎಡೆಬಿಡದೆ ಕಾದಾಡಿದರು. ಅದು 14 ಬಾರಿ ಕೈಬದಲಾಯಿತೆಂದು ಚರಿತ್ರೆ ಹೇಳುತ್ತದೆ. ಸ್ವಾತಂತ್ರ್ಯ ಬಂದದ್ದು 1979ರಲ್ಲಿ. ಎರಡು ಲಕ್ಷಕ್ಕಿಂತ ಕಡಿಮೆ ಜನರಿರುವ ಈ ನಾಡು ಜಗತ್ತಿಗೆ ಇಬ್ಬರು ನೊಬೆಲ್ ಪುರಸ್ಕೃತರನ್ನು ಕೊಟ್ಟಿದೆ: 1979ರಲ್ಲಿ ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್, 1992ರಲ್ಲಿ ಕವಿ ಡೆರೆಕ್ ವಾಲ್ಕಾಟ್. ರಾಜಧಾನಿ ಕ್ಯಾಸ್ಟ್ರೀಸಿನ ನಡುಚೌಕಕ್ಕೆ ಕವಿಯದೇ ಹೆಸರು. ಕವಿಯ ಹೆಸರಿನ ಚೌಕವುಳ್ಳ ಊರನ್ನು ಬರಿಯ ಮರಳದಂಡೆಯೆಂದು ಭಾವಿಸಿ ಇಳಿಯುವುದು ನ್ಯಾಯವಲ್ಲ.

ಮೊದಲು ಹೊತ್ತಿನ ಲೆಕ್ಕ. ಬೆಳಗ್ಗೆ 8ಕ್ಕೆ ಬಂದ ಹಡಗು ಸಂಜೆ 5ಕ್ಕೋ 6ಕ್ಕೋ ಹೊರಡುತ್ತದೆ. ಇಳಿಯುವವರ ಸಾಲು, ಗುಂಪು ಕೂಡುವ ವಿಳಂಬ, ಹೊರಡುವುದಕ್ಕೆ ಅರ್ಧ ಗಂಟೆಯೋ ಅದಕ್ಕೂ ಮೊದಲೋ ಮುಚ್ಚುವ ಹಡಗಿನ ಬಾಗಿಲು, ಇವೆಲ್ಲವನ್ನೂ ಕಳೆದರೆ ಕೈಯಲ್ಲಿ ಉಳಿಯುವುದು ಸುಮಾರು ಆರು ಗಂಟೆ. ದ್ವೀಪದ ಹೆಸರಾಂತ ಸ್ಥಳಗಳಿರುವುದು ನೈಋತ್ಯ ತೀರದ ಸೂಫ್ರಿಯೇರ್ ಎಂಬ ಊರಿನ ಸುತ್ತಮುತ್ತ. ಅಲ್ಲಿಗೆ ಘಾಟಿಯ ದಾರಿಯಲ್ಲಿ ಹೋಗಲು ಸುಮಾರು ಒಂದೂವರೆ ಗಂಟೆ, ಬರಲು ಮತ್ತೆ ಅಷ್ಟೇ. ಹೀಗೆ ದಿನದ ಅರ್ಧ ಭಾಗ ವ್ಯಾನಿನಲ್ಲಿಯೇ ಸಲ್ಲುತ್ತದೆಂಬುದನ್ನು ಮೊದಲೇ ತಿಳಿದವರಿಗೆ ನಿರಾಶೆಯಿಲ್ಲ. ಆಗುಂಬೆಯ ತಿರುವುಗಳಲ್ಲಿ ತಲೆಸುತ್ತು ಬರುವವರು ಇಲ್ಲಿಗೂ ಮಾತ್ರೆಯನ್ನು ಒಯ್ಯುವುದು ಲೇಸು. ಹಡಗಿನ ಗಡಿಯಾರಕ್ಕೂ ದ್ವೀಪದ ಗಡಿಯಾರಕ್ಕೂ ಕೆಲವೊಮ್ಮೆ ಒಂದು ಗಂಟೆಯ ಅಂತರವಿರುತ್ತದೆ. ಹಿಂದಿರುಗಬೇಕಾದುದು ಹಡಗಿನ ಗಡಿಯಾರದಂತೆ.

ವಿಹಾರವನ್ನು ಹಡಗಿನ ಕಂಪನಿಯ ಮೂಲಕವೇ ಗೊತ್ತುಪಡಿಸಬೇಕೆ, ರೇವಿನ ಹೊರಗೆ ನಿಂತ ಸ್ಥಳೀಯರೊಡನೆ ಹೋಗಬೇಕೆ ಎಂಬುದು ಮುಂದಿನ ಪ್ರಶ್ನೆ. ಕಂಪನಿಯ ದರ ಸಾಮಾನ್ಯವಾಗಿ ಹೆಚ್ಚು. ಆದರೆ ಅದರ ಗುಂಪು ತಡವಾದರೆ ಹಡಗು ಕಾಯುತ್ತದೆ. ಇಲ್ಲವೆ ಅವರನ್ನು ಮುಂದಿನ ರೇವಿಗೆ ತಲುಪಿಸುವ ಹೊಣೆ ಹೊರುತ್ತದೆ. ಸ್ವಂತವಾಗಿ ಹೋದವರಿಗಾಗಿ ಕಾಯುವ ಕರ್ತವ್ಯ ಹಡಗಿಗಿಲ್ಲ. ಸ್ಥಳೀಯ ಚಾಲಕನೊಡನೆ ಹೋದರೆ ಹಣ ನೇರವಾಗಿ ಅವನ ಮನೆ ಸೇರುತ್ತದೆ, ಮನ ಬಂದಲ್ಲಿ ನಿಲ್ಲುವ ಸ್ವಾತಂತ್ರ್ಯವೂ ಉಂಟು. ಮೊಣಕಾಲು ನೋವಿನ ಹಿರಿಯರೂ ಚಿಕ್ಕ ಮಕ್ಕಳೂ ಜೊತೆಗಿದ್ದರೆ ಮೊದಲನೆಯದು. ದಾರಿ ಹತ್ತಿರದ್ದಾಗಿದ್ದು ಎರಡು ಗಂಟೆ ಮುಂಚೆಯೇ ಮರಳುವ ನಿಷ್ಠೆಯಿದ್ದರೆ ಎರಡನೆಯದು.

ದಾರಿಯಲ್ಲಿ ಕಣಿವೆಗಳ ತುಂಬ ಬಾಳೆಯ ತೋಟಗಳು. ಗೊನೆಗಳಿಗೆ ನೀಲಿ ಪ್ಲಾಸ್ಟಿಕ್ ಚೀಲ ತೊಡಿಸಿರುವುದನ್ನು ಕಂಡು ಪ್ರವಾಸಿಗರು ಚಿತ್ರ ತೆಗೆಯುತ್ತಾರೆ. ಒಂದು ಕಾಲಕ್ಕೆ ಈ ಬಾಳೆಗೆ ‘ಹಸಿರು ಚಿನ್ನ’ವೆಂಬ ಹೆಸರಿತ್ತು; ಅದು ಬ್ರಿಟನ್ನಿಗೆ ರಫ್ತಾಗಿ ಮನೆಮನೆಗೂ ಅನ್ನ ತರುತ್ತಿತ್ತು. 1997ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ತೀರ್ಪು ಯೂರೋಪಿನ ರಿಯಾಯಿತಿಗಳ ವಿರುದ್ಧವಾದ ಮೇಲೆ ಸಣ್ಣ ಬೆಳೆಗಾರರ ಬದುಕು ಕುಸಿಯಿತು. ಇಂದು ದ್ವೀಪದ ಮುಖ್ಯ ಆಧಾರ ಪ್ರವಾಸೋದ್ಯಮವೇ. ವ್ಯಾನಿನ ಮುಂದಿನ ಆಸನದಲ್ಲಿ ಕುಳಿತು ನಗುನಗುತ್ತ ವಿವರಿಸುವವನ ಮಾತಿನ ಹಿಂದೆ ಈ ಕಥೆಯಿದೆ.

ಸೂಫ್ರಿಯೇರ್ ಸಮೀಪಿಸಿದಂತೆ ಸಮುದ್ರದಿಂದಲೇ ಎದ್ದು ನಿಂತ ಎರಡು ಶಿಖರಗಳು, ಗ್ರೋ ಪಿಟನ್ ಮತ್ತು ಪೆಟಿ ಪಿಟನ್, ಕಾಣಿಸಿಕೊಳ್ಳುತ್ತವೆ. ಎರಡೂ 700 ಮೀಟರಿಗೂ ಮಿಗಿಲಾದವು. 2004ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಇಲ್ಲಿ ಸೋಲುತ್ತದೆ, ಇವು ದೂರದಿಂದಲೂ ಕಡಿದಾಗಿಯೇ ಕಾಣುತ್ತವೆ. ಏರುವುದಕ್ಕೆ ಈ ದಿನ ಸಾಲದು, ನೋಡುವುದಕ್ಕೆ ಸಾಕು. ಬಳಿಯಲ್ಲಿಯೇ ಗಂಧಕದ ಬುಗ್ಗೆಗಳು. ಬೂದುಬಣ್ಣದ ಕೆಸರು ಕುದಿಯುತ್ತಿರುತ್ತದೆ, ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಅಡರುತ್ತದೆ. ಕೆಳಗಿನ ಬೆಚ್ಚನೆಯ ಕೊಳದಲ್ಲಿ ಕೆಸರುಸ್ನಾನ ಮಾಡುವವರು ಹಳೆಯ ಬಟ್ಟೆಯನ್ನೇ ತೊಡಬೇಕು. ಹೆಂಗಸರು ಬೆಳ್ಳಿಯ ಕಾಲುಂಗುರ, ಗೆಜ್ಜೆಗಳನ್ನು ಹಡಗಿನಲ್ಲಿಯೇ ತೆಗೆದಿಟ್ಟು ಬರುವುದು ಕ್ಷೇಮ. ಗಂಧಕದ ಅನಿಲ ತಗುಲಿದರೆ ಬೆಳ್ಳಿ ಕಪ್ಪಾಗುತ್ತದೆ. ಸೈನಿಕರ ಚಿತ್ತಾರದ ಹಸಿರು ಬಟ್ಟೆಯನ್ನು ನಾಗರಿಕರು ತೊಡುವುದು ಇಲ್ಲಿ ಕಾನೂನಿಗೆ ವಿರುದ್ಧವೆಂಬುದನ್ನೂ ಮರೆಯಬಾರದು.

ಊಟದ ವಿಷಯ. ಸಸ್ಯಾಹಾರಿಗಳು ಬರಿದೆ ‘ಮಾಂಸ ಬೇಡ’ ಎಂದರೆ ತಟ್ಟೆಗೆ ಮೀನು ಬಂದೀತು. ಮೀನೂ ಬೇಡವೆಂದು ಮೊದಲೇ ಬಿಡಿಸಿ ಹೇಳಬೇಕು. ಆಗ ಅನ್ನ, ಬೇಳೆ, ಬೇಯಿಸಿದ ಬಾಳೆಕಾಯಿ, ಮರಗೆಣಸಿನ ರೊಟ್ಟಿ, ಜೀಗುಜ್ಜೆ ಸಿಕ್ಕಬಹುದು. ಕರಾವಳಿಯ ಕನ್ನಡಿಗರಿಗೆ ಜೀಗುಜ್ಜೆಯನ್ನು ಕಂಡು ತೌರೂರು ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಕೆರಿಬಿಯನ್ ದ್ವೀಪಗಳಿಗೆ ಅದು ಬಂದ ಬಗೆ ಬೇರೆ. ಕಬ್ಬಿನ ತೋಟಗಳ ಗುಲಾಮರಿಗೆ ಅಗ್ಗದ ಆಹಾರವಾಗಲೆಂದು 1793ರಲ್ಲಿ ಕ್ಯಾಪ್ಟನ್ ಬ್ಲೈ ಶಾಂತಸಾಗರದಿಂದ ಅದರ ಸಸಿಗಳನ್ನು ಹೊತ್ತು ತಂದನು. ಗುಲಾಮಗಿರಿ ಅಳಿದ ಮೇಲೆ, 1859ರಿಂದ ಮೊದಲ್ಗೊಂಡು, ಭಾರತದಿಂದ ಕರಾರಿನ ಕೂಲಿಗಳು ಈ ದ್ವೀಪಕ್ಕೂ ಬಂದರು. ಅವರ ವಂಶಜರು ಇಂದಿಗೂ ಇಲ್ಲಿದ್ದಾರೆ.

ಈ ಎಲ್ಲವನ್ನೂ ಮಾರ್ಗದರ್ಶಿ ತಾನಾಗಿ ಹೇಳಲಾರನು. ಬಂದವರು ವಿನೋದವನ್ನು ಬಯಸುತ್ತಾರೆಂದು ಅನುಭವ ಅವನಿಗೆ ಕಲಿಸಿದೆ. ಕೇಳಿದರೆ ಮಾತ್ರ ಬಾಯಿ ಬಿಡುತ್ತಾನೆ. ಮನೆಯಲ್ಲಿ ಯಾವ ಮಾತು ಎಂದು ಕೇಳಿದರೆ ಸಾಕು, ಮುಖ ಅರಳುತ್ತದೆ. ಶಾಲೆಯ ಮತ್ತು ಕಚೇರಿಯ ಭಾಷೆ ಇಂಗ್ಲಿಷ್. ಮನೆಯ ಭಾಷೆ, ಫ್ರೆಂಚ್ ಶಬ್ದಗಳಿಂದ ಬೆಳೆದ ಕ್ವೆಯೋಲ್. ಹಿಂದೆ ಶಾಲೆಗಳಲ್ಲಿ ಅದನ್ನು ಕೀಳೆಂದು ಕಾಣುತ್ತಿದ್ದರು; ಈಗ ಪ್ರತಿವರ್ಷ ಅಕ್ಟೋಬರಿನ ಕೊನೆಯ ಭಾನುವಾರ ಅದರ ಹಬ್ಬವೇ ನಡೆಯುತ್ತದೆ. ಮನೆಮಾತಿಗೂ ಶಾಲೆಮಾತಿಗೂ ನಡುವೆ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡದ ಕುಟುಂಬಕ್ಕೆ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ.

ಹಿಂದಿರುಗುವಾಗ ಮಾರ್ಗದರ್ಶಿಗೂ ಚಾಲಕನಿಗೂ ಯಥಾಶಕ್ತಿ ಇನಾಮು ಕೊಡುವುದು ರೂಢಿ; ಅಮೆರಿಕದ ಡಾಲರು ಅಲ್ಲಿ ಸಲ್ಲುತ್ತದೆ, ಚಿಲ್ಲರೆ ನೋಟುಗಳಿದ್ದರೆ ಅನುಕೂಲ. ಕೊಳ್ಳುವುದಿದ್ದರೆ ರೇವಿನ ಝಗಮಗಿಸುವ ಅಂಗಡಿಗಳಿಗಿಂತ ಊರಸಂತೆಯ ಜಾಯಿಕಾಯಿ, ದಾಲ್ಚಿನ್ನಿ, ಕೋಕೋ ಉಂಡೆಗಳು ಮೇಲು.

ಆರು ಗಂಟೆಯಲ್ಲಿ ಒಂದು ದೇಶವನ್ನು ಅರಿಯಲಾಗದು, ನಿಜ. ನೆಂಟರ ಮನೆಗೆ ಅರ್ಧ ದಿನ ಹೋದವರೂ ಆ ಮನೆಯನ್ನು ಪೂರ್ತಿ ಅರಿಯುವುದಿಲ್ಲ. ಆದರೆ ಅಲ್ಲಿಯವರ ಕಷ್ಟಸುಖವನ್ನು ವಿಚಾರಿಸಿ ಬಂದವರಾರು, ಗೋಡೆಯ ಚಿತ್ರಗಳನ್ನು ಮಾತ್ರ ನೋಡಿ ಬಂದವರಾರು ಎಂಬುದು ಮನೆಯವರಿಗೆ ತಿಳಿದಿರುತ್ತದೆ.