ಪದಕ ದೊಡ್ಡದೋ, ಕುದುರೆ ದೊಡ್ಡದೋ?

‘ಕುದುರೆ ಡ್ಯಾನ್ಸ್ ಮಾಡಿದ್ರೂ ಮೆಡಲ್ ಕೊಡ್ತಾರಾ?’ 2023ರ ಸೆಪ್ಟೆಂಬರ್‌ನಲ್ಲಿ ಚೀನಾದ ಹಾಂಗ್‌ಝೌನಲ್ಲಿ ಏಷ್ಯನ್ ಗೇಮ್ಸ್ ನಡೆಯುತ್ತಿದ್ದಾಗ ಈ ಮಾತನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಆಗ ನಾನು ಪಿಯುಸಿಯಲ್ಲಿದ್ದೆ. ಭಾರತದ ಡ್ರೆಸ್ಸೇಜ್ ತಂಡ 209.205 ಅಂಕ ಗಳಿಸಿ ಚಿನ್ನ ಗೆದ್ದಿತ್ತು. ಕುದುರೆ ಸವಾರಿಯಲ್ಲಿ ನಮಗೆ 41 ವರ್ಷಗಳ ಬಳಿಕ ಬಂದ ಚಿನ್ನವದು. ಎರಡೇ ದಿನದಲ್ಲಿ ವೈಯಕ್ತಿಕ ವಿಭಾಗದಲ್ಲೂ ಪದಕ ಬಂತು. ಕೋಲ್ಕತ್ತದ ಅನುಷ್ ಅಗರ್‌ವಾಲಾ, ಎಟ್ರೋ ಎಂಬ ಕುದುರೆಯೊಂದಿಗೆ ಕಂಚು ಗೆದ್ದರು. ವೈಯಕ್ತಿಕ ಡ್ರೆಸ್ಸೇಜ್‌ನಲ್ಲಿ ಭಾರತಕ್ಕೆ ಸಿಕ್ಕ ಮೊದಲ ಏಷ್ಯನ್ ಗೇಮ್ಸ್ ಪದಕ ಅದು.

ಡ್ಯಾನ್ಸ್ ಎಂದು ನಗುವವರು ಒಮ್ಮೆ ಅಂಕ ಕೊಡುವ ಕ್ರಮವನ್ನು ನೋಡಬೇಕು. 60 ಮೀಟರ್ ಉದ್ದ, 20 ಮೀಟರ್ ಅಗಲದ ಮರಳಿನ ಅಂಗಳ. ಅದರ ಸುತ್ತ ಬೇರೆ ಬೇರೆ ಕೋನಗಳಲ್ಲಿ ಕುಳಿತ ತೀರ್ಪುಗಾರರು. ಕುದುರೆಯ ಒಂದೊಂದು ಚಲನೆಗೂ ಸೊನ್ನೆಯಿಂದ ಹತ್ತರವರೆಗೆ ಅಂಕ. ಓರೆಯಾಗಿ ಸಾಗುವುದು, ಓಟದ ನಡುವೆ ಹೆಜ್ಜೆ ಬದಲಿಸುವುದು, ನಿಂತ ಜಾಗದಲ್ಲೇ ಗಿರಕಿ ಹೊಡೆಯುವುದು, ಕೊನೆಗೆ ಅಲ್ಲಾಡದೆ ನಿಲ್ಲುವುದು, ಎಲ್ಲಕ್ಕೂ. ಅರ್ಧ ಅಂಕವೂ ಉಂಟು. ಕೂಡಿಸಿ, ಸರಾಸರಿ ತೆಗೆದು ಶೇಕಡಾವಾರು ಹೇಳುತ್ತಾರೆ. ಅನುಷ್‌ಗೆ ಸಿಕ್ಕಿದ್ದು 73.030, ಬೆಳ್ಳಿ ಗೆದ್ದ ಹಾಂಗ್‌ಕಾಂಗ್‌ನ ಜಾಕ್ವೆಲಿನ್ ಸಿಯು ಅವರಿಗೆ 73.450. ಇಂಟರ್ನಲ್ ಮಾರ್ಕ್ಸ್‌ನಲ್ಲಿ ಅರ್ಧ ಅಂಕಕ್ಕೆ ಲೆಕ್ಚರರ್ ಹಿಂದೆ ಸುತ್ತುವ ನಮ್ಮಂಥವರಿಗೆ ಈ ಅಂತರದ ಬೆಲೆ ಬೇರೆಯವರು ಹೇಳಿಕೊಡಬೇಕಿಲ್ಲ.

ಸವಾರ ಬಾಯಿ ತೆರೆಯುವಂತಿಲ್ಲ. ನಾಲಿಗೆಯಲ್ಲಿ ‘ಟಕ್’ ಎನ್ನಿಸಿದರೂ ತಪ್ಪು. ಹೇಳಬೇಕಾದ್ದನ್ನೆಲ್ಲ ಕಾಲಿನ ಒತ್ತಡ, ಲಗಾಮಿನ ಸಣ್ಣ ಮಿಡಿತ, ಕುಳಿತ ಭಂಗಿಯ ಮೂಲಕವೇ ಹೇಳಬೇಕು. ಅದೂ ನೋಡುವವರ ಕಣ್ಣಿಗೆ ಕಾಣದಂತೆ. ಸವಾರ ಏನೂ ಮಾಡುತ್ತಿಲ್ಲ, ಕುದುರೆಯೇ ಖುಷಿಯಿಂದ ಮಾಡುತ್ತಿದೆ ಎನಿಸಿದರೆ ಹೆಚ್ಚು ಅಂಕ. ಗಂಡು, ಹೆಣ್ಣು ಒಂದೇ ಕಣದಲ್ಲಿ ಸ್ಪರ್ಧಿಸುತ್ತಾರೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಡ್ರೆಸ್ಸೇಜ್‌ಗೆ ಮೊದಲ ಬಾರಿ ಮಹಿಳೆಯರಿಗೆ ಅವಕಾಶ ಸಿಕ್ಕಾಗ ಡೆನ್ಮಾರ್ಕ್‌ನ ಲಿಸ್ ಹಾರ್ಟೆಲ್ ಬೆಳ್ಳಿ ಗೆದ್ದರು. ಪೋಲಿಯೊದಿಂದ ಅವರ ಮೊಣಕಾಲಿನ ಕೆಳಗೆ ಸ್ವಾಧೀನವೇ ಇರಲಿಲ್ಲ. ಕುದುರೆ ಹತ್ತಲು, ಇಳಿಯಲು ಬೇರೆಯವರ ಸಹಾಯ ಬೇಕಿತ್ತು.

ಹಾಗಾಗಿ ಇದು ಕ್ರೀಡೆಯೇ ಎಂಬ ಪ್ರಶ್ನೆ ನನಗೆ ಮುಖ್ಯವಲ್ಲ. ಆ ‘ಖುಷಿ’ ನಿಜವೇ ಎಂಬುದು ಮುಖ್ಯ. ಓಟಗಾರನಿಗೆ ನೋವಾದರೆ ಹೇಳುತ್ತಾನೆ. ಕುದುರೆ ಹೇಳುವುದಿಲ್ಲ.

ಹಾಂಗ್‌ಝೌನಲ್ಲಿ ನಮ್ಮವರೇ ಆದ ಹೃದಯ್ ಛೇಡಾ ಅರ್ಹತಾ ಸುತ್ತಿನಲ್ಲಿ ಮುಂಚೂಣಿಯಲ್ಲಿದ್ದರು. ಪದಕದ ಲೆಕ್ಕ ಹಾಕುತ್ತಿರುವಾಗಲೇ ಫೈನಲ್‌ನಲ್ಲಿ ಅವರ ಕುದುರೆಯ ಕಾಲಿನಲ್ಲಿ ರಕ್ತ ಕಂಡು, ಸ್ಪರ್ಧೆಯಿಂದ ಹೊರಗಿಟ್ಟರು. ಇಷ್ಟಕ್ಕೆಲ್ಲ ಹೊರಹಾಕುವುದಾ ಎಂದು ಆಗ ಅನೇಕರು ಬೇಸರಪಟ್ಟುಕೊಂಡರು. ನನ್ನ ಮಟ್ಟಿಗೆ ಆ ಇಡೀ ಕೂಟದಲ್ಲಿ ಅತ್ಯಂತ ಗೌರವ ತಂದ ನಿರ್ಧಾರವೇ ಅದು. ಗಾಯ ಹೇಗಾಯಿತು, ಯಾರ ತಪ್ಪು ಎಂಬ ವಾದಕ್ಕೆ ಅಲ್ಲಿ ಜಾಗವಿಲ್ಲ. ರಕ್ತ ಕಂಡರೆ ಆಟ ನಿಲ್ಲಬೇಕು, ಅಷ್ಟೇ.

2012ರ ಲಂಡನ್ ಒಲಿಂಪಿಕ್ಸ್‌ನ ವೈಯಕ್ತಿಕ ಡ್ರೆಸ್ಸೇಜ್ ಪದಕ ವೇದಿಕೆಯನ್ನು ಗಮನಿಸಿ. ಚಿನ್ನ ಬ್ರಿಟನ್‌ನ ಶಾರ್ಲಟ್ ಡುಜಾರ್ಡಿನ್‌ಗೆ, ಬೆಳ್ಳಿ ನೆದರ್ಲೆಂಡ್ಸ್‌ನ ಅಡೆಲಿಂಡ್ ಕಾರ್ನೆಲಿಸನ್‌ಗೆ. ಅದಕ್ಕೂ ಎರಡು ವರ್ಷ ಮೊದಲು, ಅಂದರೆ 2010ರ ವಿಶ್ವ ಕೂಟದಲ್ಲಿ, ಕಾರ್ನೆಲಿಸನ್ ಅವರ ಕುದುರೆ ಪಾರ್ಜಿವಲ್‌ನ ಬಾಯಲ್ಲಿ ರಕ್ತ ಕಂಡು ಅವರನ್ನು ಹೊರಗೆ ಕಳುಹಿಸಿದ್ದರು. 2016ರಲ್ಲಿ ರಿಯೊ ಒಲಿಂಪಿಕ್ಸ್‌ಗೆ ಹೋದಾಗ ಅದೇ ಪಾರ್ಜಿವಲ್‌ಗೆ ಜ್ವರ ಬಂತು, ಮುಖ ಊದಿಕೊಂಡಿತು. ಜ್ವರ ಇಳಿದ ಮೇಲೆ ಕಣಕ್ಕಿಳಿದರು. ಆದರೆ ಕುದುರೆ ಎಂದಿನಂತಿಲ್ಲ ಎಂದು ತಿಳಿಯುತ್ತಿದ್ದಂತೆ ಪ್ರದರ್ಶನವನ್ನು ನಡುವೆಯೇ ನಿಲ್ಲಿಸಿ, ತೀರ್ಪುಗಾರರಿಗೆ ವಂದಿಸಿ ಹೊರಟುಬಿಟ್ಟರು. ತಂಡ ನಾಲ್ಕನೇ ಸ್ಥಾನಕ್ಕೆ ತೃಪ್ತಿಪಟ್ಟುಕೊಂಡಿತು. ಜ್ವರದಿಂದ ಎದ್ದ ಪ್ರಾಣಿಯನ್ನು ಇಳಿಸಿದ್ದೇ ತಪ್ಪು ಎಂದವರೂ ಇದ್ದರು. ಆ ಮಾತಿನಲ್ಲೂ ಹುರುಳಿದೆ. ಆದರೂ ನಾಲ್ಕು ವರ್ಷ ಕಾದ ಒಲಿಂಪಿಕ್ಸ್‌ನ ನಡುವೆ ಲಗಾಮು ಎಳೆದು ‘ಸಾಕು’ ಎನ್ನಲು ಎದೆ ಬೇಕು.

ಇನ್ನು ಡುಜಾರ್ಡಿನ್. ಪ್ಯಾರಿಸ್ ಒಲಿಂಪಿಕ್ಸ್ ಆರಂಭಕ್ಕೆ ಮೂರು ದಿನ ಇರುವಾಗ ಅವರೂ ಸ್ಪರ್ಧೆಯಿಂದ ಹಿಂದೆ ಸರಿದರು. ಕಾರಣ, ಒಂದು ಹಳೆಯ ವಿಡಿಯೊ. ತರಬೇತಿಯೊಂದರಲ್ಲಿ ಕುದುರೆಯ ಕಾಲಿಗೆ ಉದ್ದನೆಯ ಚಾಟಿಯಿಂದ 24 ಸಲ ಹೊಡೆದಿದ್ದು ಅದರಲ್ಲಿತ್ತು. ಅಂತರರಾಷ್ಟ್ರೀಯ ಈಕ್ವೆಸ್ಟ್ರಿಯನ್ ಫೆಡರೇಷನ್ ಒಂದು ವರ್ಷ ನಿಷೇಧ, 10,000 ಸ್ವಿಸ್ ಫ್ರಾಂಕ್ ದಂಡ ಹಾಕಿತು. ಇನ್ನೊಂದೇ ಪದಕ ಗೆದ್ದಿದ್ದರೆ ಬ್ರಿಟನ್ನಿನ ಮಹಿಳೆಯರಲ್ಲಿ ಅತಿ ಹೆಚ್ಚು ಒಲಿಂಪಿಕ್ ಪದಕ ಗಳಿಸಿದವರು ಅವರಾಗುತ್ತಿದ್ದರು. ತೀರ್ಪುಗಾರರ ಮುಂದೆ ಅವರು ಅಪ್ರತಿಮ ಸವಾರೆ. ಅಷ್ಟೊಂದು ತೀರ್ಪುಗಾರರು ಕಣ್ಣು ನೆಟ್ಟು ಕುಳಿತರೂ ಮನೆಯ ತರಬೇತಿ ಅಂಗಳ ಅವರಿಗೆ ಕಾಣುವುದಿಲ್ಲ. ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳುವುದಾದರೆ, ಸೆನ್ಸರ್ ಇರುವುದು ಔಟ್‌ಪುಟ್‌ನಲ್ಲಿ ಮಾತ್ರ.

ಕರಾವಳಿಯ ನಮಗೆ ಈ ಚರ್ಚೆ ಹೊಸದೇನಲ್ಲ. ಕಂಬಳದ ಕೋಣಕ್ಕೆ ಹೊಡೆಯಬಹುದೇ ಎಂಬ ವಾದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2023ರ ಮೇ ತಿಂಗಳಲ್ಲಿ ರಾಜ್ಯದ ತಿದ್ದುಪಡಿ ಕಾಯ್ದೆಯನ್ನು ಕೋರ್ಟ್ ಎತ್ತಿಹಿಡಿಯಿತು. ಆಗ ಊರಲ್ಲಿ ಹಲವರು ‘ಕೋಟು, ಟೋಪಿ ಹಾಕ್ಕೊಂಡು ಮಾಡಿದ್ರೆ ಒಲಿಂಪಿಕ್ಸ್, ನಾವು ಮಾಡಿದ್ರೆ ಹಿಂಸೆಯಾ?’ ಎಂದು ಕೇಳುತ್ತಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರ ಇಬ್ಬರನ್ನೂ ಬಿಟ್ಟುಬಿಡುವುದಲ್ಲ. ಒಲಿಂಪಿಕ್ಸ್ ಕುದುರೆಗೆ ಇರುವ ‘ರಕ್ತ ಕಂಡರೆ ಹೊರಗೆ’ ಎಂಬ ನಿಯಮವನ್ನು ಗದ್ದೆಯ ಕೋಣಕ್ಕೂ ಕೇಳೋಣ. ಹಾಗೆಯೇ ಕಂಬಳದವರನ್ನು ಕಟಕಟೆಗೆ ನಿಲ್ಲಿಸಿದಷ್ಟೇ ಗಟ್ಟಿಯಾಗಿ ಕುದುರೆ ಲಾಯದವರನ್ನೂ ಪ್ರಶ್ನಿಸೋಣ.

ಈ ಮಾತು ಈಗಲೇ ಏಕೆಂದರೆ, ಇಷ್ಟು ದಿನ ನಮ್ಮ ಸವಾರರ ಕುದುರೆಗಳು ಇದ್ದದ್ದೇ ಯುರೋಪ್‌ನಲ್ಲಿ. ಅನುಷ್ ಹದಿನೇಳರ ವಯಸ್ಸಿಗೇ ಜರ್ಮನಿಗೆ ಹೋದವರು. ಬೆಂಗಳೂರಿನ ಫವಾದ್ ಮಿರ್ಜಾ ಕೂಡ ಅಲ್ಲೇ ಪಳಗಿ ಟೋಕಿಯೊ ಒಲಿಂಪಿಕ್ಸ್‌ಗೆ ಹೋದರು. ಅವರ ಈವೆಂಟಿಂಗ್ ಸ್ಪರ್ಧೆಯ ಮೊದಲ ಹಂತವೂ ಡ್ರೆಸ್ಸೇಜ್ ಆಗಿದ್ದು, ಅದರ ಕೊನೆಗೆ ಒಂಬತ್ತನೇ ಸ್ಥಾನದಲ್ಲಿದ್ದರು. ರೋಗ ಹರಡುವ ಭಯದಿಂದ ಭಾರತದಲ್ಲಿರುವ ಕುದುರೆಗಳನ್ನು ವಿದೇಶದ ಸ್ಪರ್ಧೆಗೆ ಒಯ್ಯುವುದು ಹೆಚ್ಚುಕಡಿಮೆ ಅಸಾಧ್ಯವಾಗಿತ್ತು. ಇಂಥ ನಿರ್ಬಂಧ ಎಷ್ಟು ಬಿಗಿಯೆಂದರೆ, 1956ರಲ್ಲಿ ಆಸ್ಟ್ರೇಲಿಯಾ ಹೊರಗಿನ ಕುದುರೆಗಳನ್ನು ಒಳಗೆ ಬಿಡಲು ಒಪ್ಪದೆ, ಒಲಿಂಪಿಕ್ಸ್ ಮೆಲ್ಬರ್ನ್‌ನಲ್ಲಿದ್ದರೂ ಕುದುರೆ ಸ್ಪರ್ಧೆಗಳು ಸ್ಟಾಕ್‌ಹೋಮ್‌ನಲ್ಲಿ ನಡೆದಿದ್ದವು! 2025ರ ಜುಲೈನಲ್ಲಿ ಮೀರತ್‌ನ ಸೇನಾ ಕೇಂದ್ರವನ್ನು ದೇಶದ ಮೊದಲ ಕುದುರೆ ರೋಗಮುಕ್ತ ಘಟಕವೆಂದು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಮಾನ್ಯ ಮಾಡಿದೆ. ಇಲ್ಲಿನ ಕುದುರೆಗಳಿಗೂ ಹೊರಗೆ ಹೋಗುವ ದಾರಿ ತೆರೆದಿದೆ.

ಒಳ್ಳೆಯದೇ. ಜರ್ಮನಿಗೆ ಹೋಗಲು ಹಣವಿಲ್ಲದ ಹುಡುಗ ಹುಡುಗಿಯರೂ ಮುಂದೊಂದು ದಿನ ಡ್ರೆಸ್ಸೇಜ್ ಕನಸು ಕಾಣಬಹುದು. ಎನ್‌ಸಿಸಿಯ ಅಶ್ವದಳದಲ್ಲಿ ಸವಾರಿ ಕಲಿಯುತ್ತಿರುವ ವಿದ್ಯಾರ್ಥಿಗಳೂ ಅವರಲ್ಲಿರಬಹುದು. ಆದರೆ ಕುದುರೆಗಳು ಇಲ್ಲೇ ಪಳಗುವುದಾದರೆ ಪಳಗಿಸುವ ಅಂಗಳವೂ ಇಲ್ಲೇ ಇರುತ್ತದೆ. ಅಲ್ಲಿಗೆ ಮುಂಚಿತವಾಗಿ ತಿಳಿಸದೆ ಪಶುವೈದ್ಯರು ಹೋಗಿ ನೋಡಬೇಕು. ಹೊಡೆತ ಕಂಡ ವಿದ್ಯಾರ್ಥಿ ದೂರು ಕೊಟ್ಟರೆ ಅವನ ಸವಾರಿ ನಿಂತುಹೋಗಬಾರದು. ಹೃದಯ್ ಅವರನ್ನು ಹೊರಗಿಟ್ಟ ನಿಯಮ ನಮ್ಮ ಜಿಲ್ಲಾ ಮಟ್ಟದ ಸ್ಪರ್ಧೆಯಲ್ಲೂ, ಗೆಲ್ಲುವವನ ತಂದೆ ಎಷ್ಟೇ ದೊಡ್ಡವನಿದ್ದರೂ, ಜಾರಿಯಾಗಬೇಕು. ಮೊದಲ ಪದಕ ಬರುವ ಮುನ್ನವೇ ಇದನ್ನು ಬರೆದಿಡುವುದು ಸುಲಭ. ಪದಕ ಬಂದ ಮೇಲೆ ಯಾರು ಕೇಳುತ್ತಾರೆ?