ಕೊಬ್ಬರಿ ನೋಡಿ ಕೊಳ್ಳುವವರು ಸೀಟು ನೋಡುವುದಿಲ್ಲ

ಸಿಇಟಿ ಫಲಿತಾಂಶ ಬಂದಮೇಲೆ ಅರಸೀಕೆರೆ, ಬೇಲೂರು, ಹಳೇಬೀಡಿನ ಸೈಬರ್ ಸೆಂಟರುಗಳಲ್ಲಿ ಅಪ್ಪ-ಅಮ್ಮ ಕೂತು, ಪಕ್ಕದ ಮನೆಯ ಹುಡುಗ ಏನು ಹಾಕಿದ್ದನೋ ಅದನ್ನೇ ಮಕ್ಕಳಿಗೂ ಹಾಕಿಸಿ ಬರುತ್ತಾರೆ. ಆಪ್ಷನ್ ಎಂಟ್ರಿಯಲ್ಲಿ ಮೊದಲು ಕಂಪ್ಯೂಟರ್ ಸೈನ್ಸ್, ಆಮೇಲೆ ಅದರದೇ ಕವಲುಗಳಾದ ಎಐ, ಡೇಟಾ ಸೈನ್ಸ್. ಎಲೆಕ್ಟ್ರಿಕಲ್ ಇದ್ದರೆ ಕಟ್ಟಕಡೆಗೆ. ಯಾಕೆ ಎಂದರೆ, ‘ಎಲ್ರೂ ಅದನ್ನೇ ತಗೋತಾರಲ್ಲ’. ಇದು ಉತ್ತರವೇ?

ಎಪಿಎಂಸಿಯಲ್ಲಿ ಕೊಬ್ಬರಿ ಕೊಳ್ಳುವವನು ಚೀಲಕ್ಕೆ ಕೈಹಾಕಿ ನೋಡದೆ ದರ ಹಾಕುವುದಿಲ್ಲ. ತೋಟ ಅಡವಿಟ್ಟು ಮ್ಯಾನೇಜ್‌ಮೆಂಟ್ ಸೀಟು ಕೊಳ್ಳುವ ನೀವು ಎರಡನೇ ವರ್ಷದ ಪಠ್ಯಕ್ರಮವನ್ನೂ ತೆರೆದು ನೋಡುವುದಿಲ್ಲ. ಕಂಪ್ಯೂಟರ್ ಸೈನ್ಸಿನಲ್ಲಿ ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಮ್. ಎಲೆಕ್ಟ್ರಿಕಲ್ಲಿನಲ್ಲಿ ಸರ್ಕ್ಯೂಟ್, ಟ್ರಾನ್ಸ್‌ಫಾರ್ಮರ್, ಮೋಟರ್. ಮಗಳ ಮನಸ್ಸು ಯಾವುದರಲ್ಲಿದೆ ಎಂದು ಕೇಳಿದ್ದೀರಾ?

ನಿಮ್ಮ ಬೋರ್‌ವೆಲ್ ಮೋಟರನ್ನೇ ನೋಡಿ. ಮೂರು ಫೇಸಿನಲ್ಲಿ ಒಂದು ಹೋದರೂ ಅದು ಓಡುತ್ತಲೇ ಇರುತ್ತದೆ. ಉಳಿದೆರಡು ಫೇಸು ಮಿತಿಮೀರಿ ಕರೆಂಟು ಎಳೆದು ವೈಂಡಿಂಗ್ ಕಾಯುತ್ತದೆ, ಸುಡುತ್ತದೆ. ಅದನ್ನು ತಡೆಯುವ ಪ್ರಿವೆಂಟರ್ ಪ್ಯಾನೆಲ್ ಬೋರ್ಡಿನೊಳಗೇ ಇರುತ್ತದೆ. ‘ಪದೇಪದೇ ಟ್ರಿಪ್ ಆಗುತ್ತೆ’ ಎಂದು ಅದನ್ನು ಬೈಪಾಸ್ ಮಾಡಿಸಿ, ಬೇಸಿಗೆ ಬೇಸಿಗೆಗೂ ರೀವೈಂಡಿಂಗಿಗೆ ದುಡ್ಡು ಸುರಿಯುತ್ತೀರಿ. ಇಷ್ಟೆಲ್ಲ ಕಣ್ಣೆದುರೇ ನಡೆಯುವ ಮನೆಯಲ್ಲಿ ‘ಎಲೆಕ್ಟ್ರಿಕಲ್ ಓದಿ ಏನು ಮಾಡ್ತೀಯ’ ಎಂಬ ಮಾತು ಬರುವುದು ನನಗೆ ಸಹಿಸಲಾಗದ ಸಂಗತಿ.

1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿದ ನಾಡು ಇದು. ಇವತ್ತು ಅರಸೀಕೆರೆ ಜಂಕ್ಷನ್ನಿನ ಹಳಿಗಳ ಮೇಲೆ ವಿದ್ಯುತ್ ತಂತಿ ಇದೆ. ಸಕಲೇಶಪುರದಲ್ಲಿ ಎತ್ತಿನಹೊಳೆಯ ನೀರನ್ನು ಮೇಲೆತ್ತುವುದೂ ಪಂಪುಗಳೇ. ಇವನ್ನೆಲ್ಲ ನಡೆಸುವವರು ಯಾರು?

ಕಂಪ್ಯೂಟರ್ ಸೈನ್ಸ್ ಬೇಕೆಂದೇ ಓದುವ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ; ಸಿಟ್ಟಿರುವುದು ನೋಡದೆ ಆರಿಸುವ ಸೋಮಾರಿತನದ ಮೇಲೆ. ಎಲೆಕ್ಟ್ರಿಕಲ್ ಸಿಕ್ಕಿತೆಂದು ನಾಲ್ಕು ವರ್ಷ ಮುಖ ಗಂಟಿಕ್ಕಿ, ಲ್ಯಾಬಿನಲ್ಲಿ ಗೆಳೆಯನ ರೀಡಿಂಗ್ ನಕಲು ಮಾಡಿ ಹೊರಬರುವವರೂ ಇದೇ ಸೋಮಾರಿತನದವರು. ಇಂಥ ಆಯ್ಕೆಯ ಹೊತ್ತಿನಲ್ಲಿ ಬಾಯಿಬಿಡದ ಪಿಯು ಮೇಷ್ಟ್ರುಗಳೂ ಹೊಣೆ ಹೊರಬೇಕು.

ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜು 1960ರಿಂದ ಇದೆ, ಬಸ್ಸು ಹತ್ತಿದರೆ ಸಿಗುವಷ್ಟು ಹತ್ತಿರ. ಅಣಕು ಸೀಟು ಹಂಚಿಕೆಯ ನಂತರ ಆಪ್ಷನ್ ಹಿಂದುಮುಂದು ಮಾಡಲು ಪರೀಕ್ಷಾ ಪ್ರಾಧಿಕಾರ (ಕೆಇಎ) ಅವಕಾಶ ಕೊಡುತ್ತದೆ. ಆಗಲಾದರೂ ಮಗಳನ್ನು ಆ ಕಾಲೇಜಿಗೆ ಕರೆದುಕೊಂಡು ಹೋಗಿ, ಎರಡೂ ವಿಭಾಗದ ಲ್ಯಾಬು ತೋರಿಸಿ ಎಂದು ಕೇಳಿ. ಪಟ್ಟಿಯನ್ನು ಅವಳೇ ಬರೆಯಲಿ.